ಮೂವತ್ತು ಸಾವಿರದ ಮೂವತ್ತೊಂದನೇ ಮಣಿ

ಮೆಹಬೂಬ್ ಸಾಬರ ಬೊಂಬೆ ಕಾರ್ಖಾನೆಯಲ್ಲಿ ಯಾರ ಮಾತನ್ನು ಯಾರು ಬೇಕಾದರೂ ತಳ್ಳಿಹಾಕಬಹುದಿತ್ತು. ದೊಡ್ಡಲಕ್ಷ್ಮಮ್ಮನ ಎಣಿಕೆಯನ್ನು ಮಾತ್ರ ಯಾರೂ ತಳ್ಳಿಹಾಕುವಂತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು. ಪೇಪರ್ ಓದಲು ಕೂತರೆ ಮೊದಲ ಪುಟ ಮುಗಿಯುವಷ್ಟರಲ್ಲಿ ಸಂಜೆ ಕಾಫಿಯ ಹೊತ್ತಾಗುತ್ತಿತ್ತು. ಆದರೆ ಮಣಿಯ ರಾಶಿಯ ಮುಂದೆ ಕೂತಳೆಂದರೆ ಬೆರಳೇ ಬೇರೆ, ನಾಲಿಗೆಯೇ ಬೇರೆ. ಬೆಂಗಳೂರಿನ ವ್ಯಾಪಾರಿಗಳು ಮೂಟೆ ಬಿಚ್ಚಿ ಮತ್ತೆ ಎಣಿಸಿ ನೋಡಿದ ದಿನಗಳೂ ಇದ್ದವು. ಎರಡು ಸಲ ಎಣಿಸಿ, ಎರಡು ಸಲವೂ ಅವಳ ಲೆಕ್ಕಕ್ಕೇ ಬಂದು ನಿಂತ ಮೇಲೆ ಬಿಚ್ಚುವುದನ್ನೇ ಬಿಟ್ಟರು.

ಅವಳ ಎಣಿಕೆಗೆ ಒಂದು ಕ್ರಮವಿತ್ತು. ಆ ಕಾರ್ಖಾನೆಯಲ್ಲಿ ಮಣಿಗಳನ್ನು ಅರವತ್ತರ ಸರವಾಗಿ ಪೋಣಿಸುವುದು ಪದ್ಧತಿ. ದಿನದ ಮೊದಲ ರಾಶಿಗೆ ಕೈಹಾಕಿದಾಗ ಮೊದಲ ಮಣಿಯನ್ನೆತ್ತಿ "ಲಾಭ" ಎಂದು ಹೇಳಿ, ಪಕ್ಕದ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಆಮೇಲೆ ಒಂದು, ಎರಡು, ಮೂರು. ಕಣದಲ್ಲಿ ರಾಗಿ ಅಳೆಯುವಾಗ ಬೇರೆ ಮನೆಗಳಲ್ಲಿ ಒಂದು ಅನ್ನುವ ಬದಲು ಲಾಭ ಎಂದು, ಮುಂದಿನದಕ್ಕೆ ಎರಡು ಅನ್ನುತ್ತಾರೆ. ಅವಳ ತವರಿನಲ್ಲಿ ಹಾಗಲ್ಲ. ಲಾಭದ ಸೇರು ಮನೆದೇವರು ಕಬ್ಬಾಳಮ್ಮನ ಪಾಲು, ಅದನ್ನು ಬೇರೆ ಮೊರಕ್ಕೆ ಸುರಿದು ಒಂದರಿಂದಲೇ ಶುರು. ಹಾಗೆ ವರ್ಷಕ್ಕೊಮ್ಮೆ ಡಬ್ಬಿ ತುಂಬಿದಾಗ ಅದರ ಮಣಿಗಳನ್ನೆಲ್ಲ ಪೋಣಿಸಿ ಕಬ್ಬಾಳಿಗೆ ಹೋಗಿ ಅಮ್ಮನಿಗೆ ಹಾಕಿ ಬರುತ್ತಿದ್ದಳು. ಮೆಹಬೂಬ್ ಸಾಬರೂ ಇದಕ್ಕೆ ಒಂದು ಮಾತು ಆಡಿದವರಲ್ಲ, ಡಬ್ಬಿ ತುಂಬಿದಾಗ ಬಸ್ ಚಾರ್ಜು ಅವರದೇ.

ರಾಮನಗರ ಹೊಸ ಜಿಲ್ಲೆಯಾದ ವರ್ಷ ಅದು. ಹೆದ್ದಾರಿ ಬದಿಯಲ್ಲಿ ಹಿಪ್ಪುನೇರಳೆ ತೋಟಗಳಿದ್ದ ಕಡೆ ಶೀಟಿನ ಚಾವಣಿಗಳು ಎದ್ದಿದ್ದವು. ಅವುಗಳಲ್ಲೊಂದು, ವಾಹನದ ಬಿಡಿಭಾಗ ಮಾಡುವ ಕಂಪನಿ, ಚನ್ನಪಟ್ಟಣದಲ್ಲಿ ಮಕ್ಕಳಿಗೆಂದು ಸಭಾಂಗಣ ಕಟ್ಟಿಸುತ್ತಿತ್ತು. ಅದರ ಗೋಡೆಗೆ ಈ ಊರಿನ ಕೈಕೆಲಸವೇ ಬೇಕು ಎಂದು ಹಟ ಹಿಡಿದವನು ಕಂಪನಿಯ ಇಂಜಿನಿಯರ್ ಮನೋಹರ್. ಇಪ್ಪತ್ತೆಂಟು ವರ್ಷದವನು, ಮಾತು ಮೆದು, ಲೆಕ್ಕದ ಹುಚ್ಚು ಜಾಸ್ತಿ. ಅವನ ಯೋಚನೆ ಇಷ್ಟು: ಸುತ್ತಿನ ಶಾಲೆಗಳಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟು ಮರದ ಮಣಿ. ಪ್ರತಿ ಮಗುವೂ ತನ್ನ ಮಣಿಯ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಬರೆಯುವುದು. ಅದರ ಮೇಲೆ ಬಣ್ಣ ಬೆರೆಸದ ಅರಗು ಏರಿಸಿ, ಉದ್ದುದ್ದ ಸರ ಮಾಡಿ, ಪಕ್ಕಪಕ್ಕದಲ್ಲಿ ಇಳಿಬಿಟ್ಟು ಒಂದು ದೊಡ್ಡ ಮಣಿಪಟ.

ಮಕ್ಕಳ ಲೆಕ್ಕವನ್ನು ಹಾಜರಿ ಪುಸ್ತಕದಿಂದ ತೆಗೆದುಕೊಳ್ಳಬೇಡಿ, ತಲೆ ಎಣಿಸಿಯೇ ಕಳಿಸಿ ಎಂದು ಮನೋಹರ್ ಎಲ್ಲ ಶಾಲೆಗೂ ಹೇಳಿಸಿದ್ದ. ಮೇಷ್ಟ್ರುಗಳು ಎಣಿಸಿ ಕಳಿಸಿದರು. ದೊಡ್ಡಲಕ್ಷ್ಮಮ್ಮನ ಊರು ಹಾಲೆದೊಡ್ಡಿಯ ಶಾಲೆಗೆ ಒಬ್ಬರೇ ಮೇಷ್ಟ್ರು, ಅವರೂ ಆ ವಾರ ತರಬೇತಿಗೆ ಹೋಗಿದ್ದರು. ನೀವೇ ಎಣಿಸಿಕೊಂಡು ಬನ್ನಿ ಅಮ್ಮ, ನಿಮಗಿಂತ ಬೇಕಾ ಎಂದ ಮನೋಹರ್. ಅವಳು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಹೋಗಿ ಸಾಲಾಗಿ ನಿಂತ ಮಕ್ಕಳನ್ನು ಎಣಿಸಿ, ಅರವತ್ತನಾಲ್ಕು ಎಂದು ಬರೆಸಿದಳು. ಅಂಥ ಕೆಲಸಕ್ಕೆ ತನ್ನನ್ನು ಕರೆದರೆಂದು ಅವತ್ತು ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿಕೊಂಡು ಬಂದಿದ್ದಳು.

ಎಲ್ಲ ಶಾಲೆಗಳ ಲೆಕ್ಕ ಕೂಡಿದಾಗ ಬಂದದ್ದು ಮೂವತ್ತು ಸಾವಿರದ ಮೂವತ್ತು. ಅದನ್ನು ಕಂಡು ಮನೋಹರ್ ಸಂಭ್ರಮಪಟ್ಟಿದ್ದನ್ನು ಕಾರ್ಖಾನೆಯ ಹೆಂಗಸರು ಬಹಳ ದಿನ ಆಡಿಕೊಂಡು ನಕ್ಕರು. ಹೆಣ್ಣು ಒಪ್ಪಿಗೆಯಾದ ಗಂಡಿನ ಹಾಗೆ ಕೆಂಪಾಗಿದ್ದನಂತೆ. ಇಂಥ ಸಂಖ್ಯೆ ಹುಡುಕಿದರೂ ಸಿಗುವುದಿಲ್ಲ ಎಂದು ಅವನು ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಇವು ಒಂಟಿಕಾಲಿನ ಸಂಖ್ಯೆಗಳು. ತಮ್ಮಿಂದ ಮತ್ತು ಒಂದರಿಂದ ಬಿಟ್ಟರೆ ಇನ್ಯಾವುದರಿಂದಲೂ ಸಮಪಾಲಾಗುವುದಿಲ್ಲ. ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆ ಅನ್ನುತ್ತಾರೆ. ಈ ಮೊದಲ ಆರನ್ನೂ ಒಂದಕ್ಕೊಂದು ಗುಣಿಸಿದರೆ ಬರುವುದು ಸರಿಯಾಗಿ ಮೂವತ್ತು ಸಾವಿರದ ಮೂವತ್ತು. ಆದ್ದರಿಂದ ಆರರಲ್ಲಿ ಯಾವುದರಿಂದ ಪಾಲು ಮಾಡಿದರೂ ಒಂದು ಮಣಿಯೂ ಉಳಿಯುವುದಿಲ್ಲ, ಇದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಈ ಗುಣವಿಲ್ಲ. ಪಟ ಹೇಗೆ ಬೇಕಾದರೂ ಕಟ್ಟಬಹುದು. ಅವನು ಆರಿಸಿಕೊಂಡದ್ದು ನೂರ ಎಂಬತ್ತೆರಡು ಸರ, ಸರಕ್ಕೆ ನೂರ ಅರವತ್ತೈದು ಮಣಿ. ಏಳಡಿ ಅಗಲ, ಆರೂವರೆ ಅಡಿ ಎತ್ತರ, ಹೆಚ್ಚುಕಮ್ಮಿ ಚೌಕ. ಮೆಹಬೂಬ್ ಸಾಬರು ತೇಗದಲ್ಲಿ ಅದರ ಚೌಕಟ್ಟನ್ನೂ ಮಾಡಿ ಗೋಡೆಗೆ ಒರಗಿಸಿಟ್ಟರು.

ಮಣಿಗಳು ಶಾಲೆಗಳಿಗೆ ಹೋಗಿ ಅಕ್ಷರ ಬರೆಸಿಕೊಂಡು ವಾಪಸು ಬಂದವು. ಅರಗೂ ಏರಿತು, ತಾಳೆಗರಿ ಒತ್ತಿ ಹೊಳಪೂ ಬಂತು. ಸಭಾಂಗಣದ ಪ್ರಾರಂಭೋತ್ಸವಕ್ಕೆ ಎಂಟು ದಿನವಿರುವಾಗ, ಒಂದು ಮಧ್ಯಾಹ್ನ, ಹಾಲೆದೊಡ್ಡಿಯ ಸರಸಮ್ಮ ಒಂದನೇ ಕ್ಲಾಸಿನ ಮಗಳು ಶ್ವೇತಳ ಕೈ ಹಿಡಿದುಕೊಂಡು ಕಾರ್ಖಾನೆಯ ಬಾಗಿಲಿಗೆ ಬಂದಳು. ಸರಸಮ್ಮ ರೇಷ್ಮೆ ನೂಲು ಬಿಚ್ಚುವ ಕೆಲಸದವಳು, ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಶಾಲೆಯಲ್ಲಿ ದೊಡ್ಡ ಕ್ಲಾಸಿನಿಂದ ಮಣಿ ಹಂಚಿಕೊಂಡು ಬಂದರಂತೆ, ಕೊನೆಗೆ ತನ್ನ ಮಗಳ ಪಾಲಿಗೆ ಬರುವಾಗ ಮುಗಿದುಹೋಗಿತ್ತಂತೆ. ಮೇಷ್ಟ್ರು ಆಮೇಲೆ ಕೊಡುತ್ತಾರೆ ಎಂದಿದ್ದರು. ಮಗು ದಿನಾ ಕೇಳುತ್ತಿದೆ. ಇಷ್ಟನ್ನು ಸರಸಮ್ಮ ಜಗಳವಿಲ್ಲದ ದನಿಯಲ್ಲೇ ಹೇಳಿದಳು.

ದೊಡ್ಡಲಕ್ಷ್ಮಮ್ಮ ಆ ಮಗುವನ್ನು ನೋಡಿದಳು. ಇಡೀ ಶಾಲೆಗೇ ಕುಳ್ಳಿ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವುದು ಕುಳ್ಳಿಯೇ. ಅವತ್ತಿನ ಬೆಳಗು ಅವಳ ಕಣ್ಣಿಗೆ ಕಟ್ಟಿತು: ಸಾಲಿನ ಮುಂದೆ ಹೋಗಿ ನಿಂತದ್ದು, ಮೊದಲ ತಲೆಯ ಮೇಲೆ ಕೈಯಿಟ್ಟು ಲಾಭ ಅಂದದ್ದು, ಎರಡನೇ ತಲೆಯಿಂದ ಒಂದು, ಎರಡು ಎಂದು ಹೊರಟದ್ದು. ಮಣಿಯಾದರೆ ಲಾಭದ್ದು ಡಬ್ಬಿಗೆ ಬೀಳುತ್ತದೆ, ಅದು ಲೆಕ್ಕದ ಹೊರಗೇ ಇರಬೇಕು. ಮಗು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಸಾಲಿನಲ್ಲಿ ನಿಂತಿತ್ತು. ನಲವತ್ತು ವರ್ಷದಲ್ಲಿ ಒಂದು ಮಣಿ ತಪ್ಪದ ಎಣಿಕೆ ಮಗುವನ್ನು ತಪ್ಪಿಸಿಬಿಟ್ಟಿತ್ತು.

ಅಷ್ಟರಲ್ಲಿ ಚೌಕಟ್ಟು ನೋಡಲು ಬಂದಿದ್ದ ಮನೋಹರ್ ವಿಷಯ ಕೇಳಿಸಿಕೊಂಡು, ಮಗು ತಡವಾಗಿ ಶಾಲೆಗೆ ಸೇರಿರಬೇಕು, ಎಣಿಸಿದ ದಿನ ಇರಲಿಕ್ಕಿಲ್ಲ ಎಂದ. ಮೆಹಬೂಬ್ ಸಾಬರೂ ಹೌದು ಹೌದು ಎಂದು ತಲೆಯಾಡಿಸಿದರು. ದೊಡ್ಡಲಕ್ಷ್ಮಮ್ಮನಿಗೆ ಬಾಯಿ ಮುಚ್ಚಿಕೊಂಡಿರಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಮಿಷನ್ನುಗಳ ಮುಂದೆ ಕೂತ ಹದಿನಾಲ್ಕು ಹೆಂಗಸರು ಅವಳನ್ನೇ ನೋಡುತ್ತಿದ್ದರು. ಅವಳು ಎದ್ದು ನಿಂತಳು.

"ಮಗು ಅವತ್ತೂ ಇತ್ತು ಸಾ. ನಾನೇ ತಲೆ ಮುಟ್ಟಿ ಲಾಭ ಅಂದ್ಬುಟ್ಟು, ಲೆಕ್ಕದಿಂದ ಆಚೆಗಿಟ್ಟೆ. ತಪ್ಪು ನಂದು. ಇನ್ಯಾರ ಮ್ಯಾಲೂ ಹಾಕ್ಬ್ಯಾಡಿ."

ಅವಳು ಒಂದು ಬಿಳಿ ಮಣಿ ತಂದು ಶ್ವೇತಳ ಅಂಗೈಯಲ್ಲಿಟ್ಟು ಪೆನ್ನು ಕೊಟ್ಟಳು. ಮಗು ನಾಲಿಗೆ ಕಚ್ಚಿಕೊಂಡು, ಮಣಿಗೆ ಹಿಡಿಸದಷ್ಟು ದೊಡ್ಡದಾಗಿ "ಶ್ವೇ" ಎಂದು ಬರೆಯಿತು.

ತಾಯಿ ಮಗಳು ಹೋದ ಮೇಲೆ ತೊಂದರೆ ಶುರುವಾಯಿತು. ಒಂದು ಮಣಿ ಸೇರಿಸುವುದೇನು ಮಹಾ ಎಂದು ಹೆಂಗಸರು ಅಂದುಕೊಂಡಿದ್ದರು. ಮನೋಹರ್ ಕೂತು ಚೀಟಿಯ ಮೇಲೆ ಲೆಕ್ಕ ಮಾಡಿ ತೋರಿಸಿದ. ಎರಡರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಮೂರರಿಂದಲೂ ಒಂದು. ಐದು, ಏಳು, ಹನ್ನೊಂದು, ಹದಿಮೂರು, ಯಾವುದರಿಂದ ಭಾಗಿಸಿದರೂ ಅದೇ ಒಂದು ಮಣಿ ಹೊರಗೆ ಉಳಿಯುತ್ತದೆ. ಎಲ್ಲ ಸರಗಳೂ ಸಮನಾಗಿ ಬರಬೇಕೆಂದರೆ ಇದು ಆಗದ ಸಂಖ್ಯೆ. ಆರು ಅವಿಭಾಜ್ಯಗಳನ್ನು ಗುಣಿಸಿ ಒಂದು ಕೂಡಿದರೆ ಬರುವುದೂ ಅವಿಭಾಜ್ಯವೇ ಎಂದು ಕಾಲೇಜಿನಲ್ಲಿ ಓದಿದ ನೆನಪು ಅವನಿಗೆ. ಇನ್ನು ಮಾಡುವುದಾದರೆ ಒಂದೇ ಸರ ಮಾಡಬೇಕು, ಮುನ್ನೂರ ಅರವತ್ತು ಮೀಟರ್ ಉದ್ದ, ಅದನ್ನು ತೂಗುಹಾಕಲು ರೈಲ್ವೆ ಸ್ಟೇಷನ್ನಿಗೇ ಹೋಗಬೇಕು ಎಂದು ನಗಲು ನೋಡಿದ.

ಚೌಕಟ್ಟಿನ ನೆತ್ತಿಯಲ್ಲಿ ಆ ಒಂದು ಮಣಿಯನ್ನು ಕಳಸದ ಹಾಗೆ ಕೂರಿಸೋಣ ಎಂದರು ಮೆಹಬೂಬ್ ಸಾಬರು. ಇಲ್ಲ, ಇನ್ನೊಂದು ಸಾಲು ಹೆಚ್ಚಿಸಿ, ಉಳಿದ ನೂರ ಎಂಬತ್ತೊಂದು ಜಾಗಕ್ಕೆ ಹೆಸರಿಲ್ಲದ ಮಣಿ ತುಂಬೋಣ ಎಂದ ಮನೋಹರ್. ದೊಡ್ಡಲಕ್ಷ್ಮಮ್ಮ ಎರಡಕ್ಕೂ ಒಪ್ಪಲಿಲ್ಲ. ಎಲ್ಲರ ನಡುವೆ ನಿಲ್ಲಬೇಕಾದ ಮಗುವನ್ನು ಒಂಟಿಯಾಗಿ ಮೇಲೆ ಕೂರಿಸುವುದು ಯಾವ ನ್ಯಾಯ ಎಂದು ಸಾಬರನ್ನು ಕೇಳಿದಳು. ಮನೋಹರನ ಕಡೆ ತಿರುಗಿ, ಇಲ್ಲದ ಮಕ್ಕಳನ್ನು ತಂದು ನಿಲ್ಲಿಸಿದರೆ, ಒಂದು ಮಣಿ ಒಂದು ಮಗು ಎಂದು ನೀವು ಊರಿಗೆಲ್ಲ ಹೇಳಿದ ಮಾತು ಏನಾಯಿತು ಎಂದಳು. ಅವನ ಮುಖ ಸಪ್ಪಗಾಯಿತು. ನಾಳೆ ಮಧ್ಯಾಹ್ನದಿಂದ ಪೋಣಿಸಲು ಕೂರದಿದ್ದರೆ ಕೆಲಸ ಮುಗಿಯುವುದಿಲ್ಲ, ಅಷ್ಟರೊಳಗೆ ದಾರಿ ಕಾಣದಿದ್ದರೆ ಆ ಮಣಿಯನ್ನು ಬಿಡಲೇಬೇಕಾಗುತ್ತದೆ ಎಂದು ಹೇಳಿ ಹೋದ.

ದೊಡ್ಡಲಕ್ಷ್ಮಮ್ಮ ಆ ಚೀಟಿ ಹಿಡಿದು ಮನೆಗೆ ಬಂದಾಗ ಮಗಳು ಸುಮನಾ ಆಗ ತಾನೇ ಶಾಲೆಯಿಂದ ಬಂದು ಕಾಫಿ ಕುಡಿಯುತ್ತಿದ್ದಳು. ಬಿಎಸ್ಸಿ, ಬಿಎಡ್ ಮಾಡಿ ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಅಮ್ಮನ ಕೈಯ ಚೀಟಿ ನೋಡಿದ್ದೇ, ಹೌದಮ್ಮ, ಇದು ಅವಿಭಾಜ್ಯ, ಹೀಗೆ ಗುಣಿಸಿ ಒಂದು ಕೂಡಿಸೋದು ದೊಡ್ಡ ಹೆಸರುವಾಸಿ ಪ್ರಮೇಯದ ಸಾಧನೆ ಎಂದು ಪಾಠಕ್ಕೆ ಶುರುಮಾಡಿದಳು. ದೊಡ್ಡಲಕ್ಷ್ಮಮ್ಮ ಅರ್ಧಕ್ಕೇ ತಡೆದಳು.

"ಆರು ಮನೇಲಿ ನೀರು ಕೇಳ್ದೆ, ಆರೂ ಮನೇರು ಇಲ್ಲ ಅಂದ್ರು. ಏಳ್ನೇ ಮನೇನೂ ಇಲ್ಲ ಅಂತೈತೆ ಅಂತ ನಿಂಗೆ ಯಾರು ಯೋಳಿದ್ದು?"

ಸುಮನಾ ಲೋಟ ಕೆಳಗಿಟ್ಟಳು. ಸಾಧನೆ ಹೇಳುವುದು ಅಷ್ಟೇ, ಆ ಆರರಲ್ಲಿ ಯಾವುದೂ ಇದನ್ನು ಭಾಗಿಸುವುದಿಲ್ಲ ಎಂದು. ಹದಿನೇಳರ ಬಗ್ಗೆ, ಹತ್ತೊಂಬತ್ತರ ಬಗ್ಗೆ ಅದು ಒಂದು ಮಾತೂ ಆಡುವುದಿಲ್ಲ. ಗುಣಿಸಿ ಒಂದು ಕೂಡಿದರೆ ಅವಿಭಾಜ್ಯವೇ ಎಂದು ತಾನು ಮೂರು ವರ್ಷದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದು ನೆನೆದು ಅವಳಿಗೆ ನಾಚಿಕೆಯಾಯಿತು. ನಾಲ್ಕನೇ ಕ್ಲಾಸಿನ ಅಮ್ಮ ಗಣಿತದ ಟೀಚರ ಕಿವಿ ಹಿಂಡಿದ್ದಕ್ಕೆ ಅವಳಿಗೆ ಹೆಮ್ಮೆಯೂ ಆಯಿತು, ಅದನ್ನು ಬಾಯಿಬಿಟ್ಟೇ ಹೇಳಿದಳು.

ಬೆಳಿಗ್ಗೆ ಎದ್ದು ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಸುಮನಾ ಪಟ್ಟಿ ಮಾಡಿದಳು. ನೂರ ಎಪ್ಪತ್ತಮೂರರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು, ಅದಕ್ಕಿಂತ ದೊಡ್ಡದು ಭಾಗಿಸುವುದಾದರೆ ಅದರ ಜೊತೆಯವನು ಚಿಕ್ಕವನಾಗಿ ಮೊದಲೇ ಸಿಕ್ಕಿರುತ್ತಾನೆ ಎಂದು ಅಮ್ಮನಿಗೆ ತಿಳಿಸಿದಳು. ಆ ಮೊದಲ ಆರನ್ನು ಬಿಟ್ಟು ಒಟ್ಟು ಮೂವತ್ತನಾಲ್ಕು. ಹದಿನೇಳಕ್ಕೆ ಒಂಬತ್ತು ಉಳಿಯಿತು, ಹತ್ತೊಂಬತ್ತಕ್ಕೆ ಹನ್ನೊಂದು. ಇಪ್ಪತ್ತಮೂರು, ಇಪ್ಪತ್ತೊಂಬತ್ತು, ಎರಡಕ್ಕೂ ಹದಿನಾರು. ದೊಡ್ಡಲಕ್ಷ್ಮಮ್ಮ ಮುದ್ದೆ ತೊಳಸುತ್ತ ಪ್ರತಿ ಉಳಿಕೆಯನ್ನೂ ಬಾಯಲ್ಲಿ ಹೇಳಿಕೊಂಡಳು. ನಲವತ್ತೇಳಕ್ಕೆ ನಲವತ್ತೈದು ಉಳಿದಾಗ ಇನ್ನೆರಡು ಮಣಿ ಇದ್ದಿದ್ದರೆ ಎಂದು ಇಬ್ಬರೂ ಪೇಚಾಡಿದರು. ಐವತ್ತಮೂರನ್ನೂ ಹೊಡೆದುಹಾಕುವಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಮಧ್ಯಾಹ್ನದ ಬಿಡುವಿನಲ್ಲಿ ಉಳಿದದ್ದನ್ನು ಮಾಡುತ್ತೇನೆ ಎಂದು ಸುಮನಾ ಓಡಿದಳು. ಪಟ್ಟಿ ಅಮ್ಮನ ಹತ್ತಿರವೇ ಉಳಿಯಿತು.

ದೊಡ್ಡಲಕ್ಷ್ಮಮ್ಮ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಬಸ್ಸಿಗೆ ಕಾರ್ಖಾನೆಗೆ ಹೋದಳು. ಭಾಗಾಕಾರ ಅವಳು ಮರೆತು ಯಾವ ಕಾಲವಾಗಿತ್ತೋ. ಪಟ್ಟಿಯನ್ನು ಮಣಿಯ ರಾಶಿಯ ಪಕ್ಕದಲ್ಲಿ ಬಿಡಿಸಿಟ್ಟುಕೊಂಡು, ಹೊಡೆದುಹಾಕಿದ ಸಂಖ್ಯೆಗಳ ಮುಂದಿನದನ್ನು ನೋಡಿದಳು. ಐವತ್ತೊಂಬತ್ತು.

ಐವತ್ತೊಂಬತ್ತು ಅಂದರೆ ಅವಳ ಲೆಕ್ಕದಲ್ಲಿ ಬೇರೇನಲ್ಲ, ಅರವತ್ತರ ಸರದಿಂದ ಲಾಭದ ಮಣಿ ತೆಗೆದಿಟ್ಟರೆ ಉಳಿಯುವುದು. ನಲವತ್ತು ವರ್ಷ ಅರವತ್ತರ ಸರ ಪೋಣಿಸಿದವಳಿಗೆ ಅದಕ್ಕೆ ಕಾಗದ ಬೇಕಿರಲಿಲ್ಲ. ಅರವತ್ತರಂತೆ ಐನೂರು ಸರ ಅಂದರೆ ಮೂವತ್ತು ಸಾವಿರ. ಸರಕ್ಕೊಂದು ಮಣಿ ಬಿಚ್ಚಿ ತೆಗೆದರೆ ಕೈಗೆ ಐನೂರು ಮಣಿ ವಾಪಸು. ಮೂವತ್ತು ಸಾವಿರದ ಮೇಲಿನ ಮೂವತ್ತೊಂದೂ ಇದಕ್ಕೆ ಸೇರಬೇಕು. ಐನೂರ ಮೂವತ್ತೊಂದು. ಇದರಲ್ಲಿ ಇನ್ನೆಷ್ಟು ಸರ? ಅರವತ್ತರಂತೆ ಒಂಬತ್ತು ಸರ ಮಾಡಿದರೆ ಐನೂರ ನಲವತ್ತಾಗುತ್ತದೆ. ಒಂಬತ್ತು ಸರದಿಂದ ಒಂದೊಂದು ತೆಗೆದರೆ ಐನೂರ ಮೂವತ್ತೊಂದು.

ಅವಳ ಕೈ ನಿಂತಿತು. ಉಳಿದದ್ದು ಏನೂ ಇಲ್ಲ. ಮತ್ತೆ ಮೊದಲಿಂದ ಮಾಡಿದಳು, ಏನೂ ಉಳಿಯಲಿಲ್ಲ. ಮೂರನೇ ಸಲ ಪಕ್ಕದ ಮುನಿಯಮ್ಮನನ್ನು ಕೂರಿಸಿಕೊಂಡು ಗಟ್ಟಿಯಾಗಿ ಹೇಳುತ್ತ ಮಾಡಿದಳು. ಮುನಿಯಮ್ಮ ಮಿಷನ್ನು ನಿಲ್ಲಿಸಿದಳು, ಅವಳ ಪಕ್ಕದವಳೂ ನಿಲ್ಲಿಸಿದಳು. ಮೆಹಬೂಬ್ ಸಾಬರು ಕರೆಂಟು ಹೋಯಿತೆಂದುಕೊಂಡು ಒಳಗಿನಿಂದ ಎದ್ದು ಬಂದರು.

ಮಧ್ಯಾಹ್ನ ಮನೋಹರ್ ಬಂದಾಗ ಎಲ್ಲರೂ ಬಾಗಿಲಲ್ಲೇ ಇದ್ದರು. ದೊಡ್ಡಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು, ತನಗೆ ಗೊತ್ತಿದ್ದಷ್ಟು ಗಂಭೀರವಾಗಿ ಹೇಳಿದಳು.

"ಸರಕ್ಕೆ ಐವತ್ತೊಂಬತ್ತು ಮಣಿ ಹಾಕಿ ಸಾ. ಸರಿಯಾಗಿ ಐನೂರ ಒಂಬತ್ತು ಸರ ಆಯ್ತದೆ. ಒಬ್ರೂ ಉಳಿಯಾಕಿಲ್ಲ."

ಅವನು ಮೊಬೈಲ್ ತೆಗೆದು ಗುಣಿಸಿದ. ಪರದೆಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಗುಣಿಸಿದ. ಅವಿಭಾಜ್ಯ ಎಂದು ತಾನು ಮೊಹರು ಹೊಡೆದುಬಿಟ್ಟಿದ್ದ ಸಂಖ್ಯೆ ಅವನ ಅಂಗೈಯಲ್ಲೇ ಎರಡು ಪಾಲಾಗಿ ಕೂತಿತ್ತು. ನನ್ನ ಓದೆಲ್ಲ ಹದಿಮೂರಕ್ಕೇ ನಿಂತುಹೋಯಿತು ಅಮ್ಮ ಎಂದು ಅವನು ಎಲ್ಲರೆದುರಿಗೇ ಒಪ್ಪಿಕೊಂಡ. ಯಾರು ಹೇಳಿಕೊಟ್ಟರು ಎಂದು ಕೇಳಿದ್ದಕ್ಕೆ ಅವಳು, ದಾರಿ ತೋರಿಸಿದ್ದು ಮಗಳು, ನಡೆದದ್ದು ನಾನು ಎಂದಳು. ಆ ಮಾತು ಹೇಳುವಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಅಲ್ಲಿಂದ ಮೆಹಬೂಬ್ ಸಾಬರ ಕಾಲ. ಟೇಪು ಹಿಡಿದು ಅಳೆದರು. ಸರ ಎರಡೂಕಾಲು ಅಡಿ ಚಿಲ್ಲರೆ, ಪಟದ ಅಗಲ ಇಪ್ಪತ್ತಡಿ. ಚೌಕ ಹೋಗಿ ಉದ್ದನೆಯ ತೋರಣವಾಯಿತು. ಸಭಾಂಗಣದ ವೇದಿಕೆಯ ಮೇಲೆ ಇಪ್ಪತ್ತೆರಡು ಅಡಿ ಬರಿ ಗೋಡೆ ಇದೆ, ಬಂದವರಿಗೆಲ್ಲ ಕೂತಲ್ಲಿಂದಲೇ ಕಾಣುತ್ತದೆ ಎಂದ ಮನೋಹರ್. ಮಾಡಿಟ್ಟಿದ್ದ ಚೌಕಟ್ಟನ್ನು ಸಾಬರು ತಾವೇ ಬಿಚ್ಚಿದರು. ಕಡಿಮೆ ಬಿದ್ದ ತೇಗವನ್ನು ಎಲ್ಲಿಂದಲೋ ತಂದರು, ಎಲ್ಲಿಂದ ಎಂದು ಕೇಳಿದವರಿಗೆ, ಎಣಿಸಿದ್ದು ನಮ್ಮ ದೊಡ್ಡಕ್ಕ ಕಣಪ್ಪ, ಮರ ನಾನು ತರಬಾರದಾ ಎಂದರು.

ಸಂಜೆ ಶಾಲೆ ಮುಗಿಸಿ ಸುಮನಾ ನೇರ ಕಾರ್ಖಾನೆಗೇ ಬಂದಳು. ಮಧ್ಯಾಹ್ನದ ಬಿಡುವಿನಲ್ಲಿ ಅವಳಿಗೂ ಐವತ್ತೊಂಬತ್ತು ಸಿಕ್ಕಿತ್ತು, ಹೇಳಲು ಓಡಿಬಂದಿದ್ದಳು. ಬಾಗಿಲಲ್ಲೇ ಮುನಿಯಮ್ಮ, ನಿಮ್ಮವ್ವ ಬೆಳಿಗ್ಗೆಯೇ ಕಂಡುಹಿಡಿದಾಯಿತು ಎಂದು ಹೇಳಿದಾಗ ಅವಳು ನಗುತ್ತ ಕಣ್ಣೊರೆಸಿಕೊಂಡಳು. ನಾಳೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಮೊದಲು ತನ್ನ ತಪ್ಪನ್ನು ಹೇಳಿ, ಆಮೇಲೆ ಅಮ್ಮನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ ಎಂದಳು. ನನ್ನ ಹೆಸರು ಪೂರ್ತಿ ಬರಿ, ಅರ್ಧ ಬರಿಯಬ್ಯಾಡ ಎಂದಳು ದೊಡ್ಡಲಕ್ಷ್ಮಮ್ಮ.

ಪೋಣಿಸಲು ಎಲ್ಲರೂ ಸುತ್ತ ಕೂತರು. ಮೊದಲ ಸರ ದೊಡ್ಡಲಕ್ಷ್ಮಮ್ಮನದೇ ಆಗಬೇಕೆಂದು ಎಲ್ಲರೂ ದಾರ ಅವಳ ಕೈಗೆ ಕೊಟ್ಟರು. ಅರಗು ಏರಿಸಿ ಬೇರೆಯೇ ಇಟ್ಟಿದ್ದ ಶ್ವೇತಳ ಮಣಿಯನ್ನು ಅವಳು ಎತ್ತಿಕೊಂಡಳು. ದೊಡ್ಡ ಅಕ್ಷರ ಅರಗಿನ ಕೆಳಗೆ ಚೆನ್ನಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು. ಅವಳು ಅದರ ಮುಚ್ಚಳ ಹಾಕಿದಳು, ಇದೊಂದು ಸಲ ಕ್ಷಮಿಸವ್ವ, ಇದು ನಿನ್ನ ಪಾಲಲ್ಲ ಎಂದು ಮನಸ್ಸಿನಲ್ಲೇ ಕಬ್ಬಾಳಮ್ಮನಿಗೆ ಹೇಳಿದಳು. ನಲವತ್ತು ವರ್ಷದ ಅಭ್ಯಾಸಕ್ಕೆ ನಾಲಿಗೆ ಹಳೇ ಮಾತಿನ ಕಡೆಗೇ ಹೊರಟಿತ್ತು. ತಡೆದುಕೊಂಡಳು. ಮಣಿಯನ್ನು ದಾರಕ್ಕೆ ಏರಿಸಿ, ಹದಿನಾಲ್ಕು ಹೆಂಗಸರಿಗೂ ಕೇಳುವ ಹಾಗೆ, "ಒಂದು" ಎಂದಳು.